ನಲವತ್ತನೆಯ ಸುಳ್ಳು

ನಾನು ನರ್ಸಿಂಗ್ ಮೊದಲ ವರ್ಷ ಪಾಸಾಗಿದ್ದೇನೆ. ವಯಸ್ಸು ಎಪ್ಪತ್ತಾರು. ಸರ್ಟಿಫಿಕೇಟ್ ತೋರಿಸಿ ಎಂದು ಮಾತ್ರ ಕೇಳಬೇಡಿ. ಪರೀಕ್ಷೆ ಬರೆದವಳು ಬೇರೆ, ಹೆಸರು ಬಂದದ್ದು ಅವಳಿಗೆ, ಸಿಹಿ ಹಂಚಿದ್ದು ಅವಳಪ್ಪ. ಆದರೆ ಮನುಷ್ಯನ ಮೈಯಲ್ಲಿ ಇನ್ನೂರ ಆರು ಮೂಳೆಗಳಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಿಯ ಹಸ್ತ ಪಾದಗಳಲ್ಲೇ ಇವೆ ಎಂಬುದನ್ನು ಈಗ ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಹೇಳುತ್ತಲೂ ಇದ್ದೇನೆ. ಒಂಟಿಕೊಪ್ಪಲಿನ ನಮ್ಮ ಪಾರ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುವವರು ಈಚೆಗೆ ಕಡಿಮೆಯಾಗಿದ್ದಾರೆ. ಜ್ಞಾನ ಕಂಡರೆ ಜನಕ್ಕೆ ಭಯ.

ಇದಕ್ಕೆಲ್ಲ ಕಾರಣ ಒಂದು ಪುಸ್ತಕ. ಮೈಯೊಳಗೆ ಏನೇನಿದೆ, ಅದೆಲ್ಲ ಏನೇನು ಮಾಡುತ್ತದೆ ಎಂದು ವಿವರಿಸುವ ಇಂಗ್ಲಿಷ್ ಪುಸ್ತಕ. ಅದು ನಮ್ಮ ಮನೆಗೆ ಬಂದ ದಿನವೇ ಹಜಾರದ ಟೀಪಾಯಿಯ ಒಂದು ಕಾಲು ಸಡಿಲವಾಯಿತು. ಪುಸ್ತಕದ ಜೊತೆಗೆ ಬಂದವಳು ಸಿಂಚನ, ನನ್ನ ತಂಗಿಯ ಮೊಮ್ಮಗಳು. ಹುಣಸೂರಿನ ಕಡೆಯವಳು. ನರ್ಸಿಂಗ್ ಕಾಲೇಜಿಗೆ ಸೇರಿ, ಹಾಸ್ಟೆಲ್ಲಿನ ಊಟ ಒಗ್ಗದೆ, ನನ್ನ ಹೆಂಡತಿ ಜಯಮ್ಮನ ಸೊಪ್ಪಿನ ಸಾರು ಹುಡುಕಿಕೊಂಡು ನಮ್ಮ ಮನೆಗೆ ಬಂದಳು.

ಬಂದ ವರ್ಷವೇ ಆ ಪುಸ್ತಕದ ವಿಷಯದಲ್ಲಿ ಫೇಲಾದಳು. ಓದದೆ ಫೇಲಾಗಿದ್ದರೆ ನಾನು ತಲೆ ಹಾಕುತ್ತಿರಲಿಲ್ಲ. ಓದದೆ ಫೇಲಾಗುವುದರಲ್ಲಿ ನನಗೇ ಸಾಕಷ್ಟು ಅನುಭವವಿದೆ, ಅದೊಂದು ನೆಮ್ಮದಿಯ ಸ್ಥಿತಿ. ಇವಳು ಓದಿ ಓದಿ ಫೇಲಾದವಳು. ಅದನ್ನು ನೋಡಲಾಗಲಿಲ್ಲ.

ಒಂದು ಮಧ್ಯಾಹ್ನ ಅವಳಿಲ್ಲದಾಗ ಪುಸ್ತಕ ತೆರೆದು ನೋಡಿದೆ. ಗುರುತು ಹಾಕುವ ಹಳದಿ ಪೆನ್ನು ಬರುತ್ತದಲ್ಲ, ಅದರಲ್ಲಿ ಒಂದನೆಯ ಪುಟದ ಒಂದನೆಯ ಸಾಲಿನಿಂದ ಬಳಿಯುತ್ತ ಹೋಗಿದ್ದಾಳೆ. ಪುಟಕ್ಕೆ ಪುಟವೇ ಅರಿಶಿನಕ್ಕೆ ಕೂರಿಸಿದ ಮದುಮಗಳ ಹಾಗಿದೆ. ಸಂಜೆ ಬಂದವಳನ್ನು ಕೇಳಿದೆ.

"ಯಾಕ್ ಮಗ, ಎಲ್ಲಾ ಸಾಲಿಗೂ ಬಳ್ದಿದ್ದೀಯ?"

"ಎಲ್ಲಾ ಇಂಪಾರ್ಟೆಂಟು ತಾತ."

"ಎಲ್ಲಾ ಇಂಪಾರ್ಟೆಂಟಾದ್ರೆ ಬಳೀದೆ ಸುಮ್ನೆ ಬುಟ್ಟಿದ್ರೂ ಅಷ್ಟೇ ಆಗ್ತಿತ್ತಲ್ಲ. ಪೆನ್ನಾದ್ರೂ ಉಳೀತಿತ್ತು."

ಅವಳು ನಗಲಿಲ್ಲ. ನನ್ನ ಮಾತಿಗೆ ನಗದ ಮನುಷ್ಯರನ್ನು ಕಂಡರೆ ನನಗೆ ನಿಜಕ್ಕೂ ಗಾಬರಿಯಾಗುತ್ತದೆ. ಅವಳ ಎದುರಿಗೇ ಮತ್ತೆ ಪುಟ ತಿರುವಿದೆ. ಪುಸ್ತಕದ ಮುಕ್ಕಾಲು ಪಾಲಿನ ಹತ್ತಿರ ಅರಿಶಿನ ನಿಂತುಹೋಗಿತ್ತು. ಅಲ್ಲಿಂದಾಚೆಗೆ ಕಿಡ್ನಿಯ ಅಧ್ಯಾಯ, ಅಂಗಡಿಯಿಂದ ತಂದಷ್ಟೇ ಬೆಳ್ಳಗೆ. ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಬಂದದ್ದು ಅಲ್ಲಿಂದಲೇ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗಿ, ಒಂದೊಂದು ಸಾಲಿಗೂ ಡಿಕ್ಷನರಿ ನೋಡುತ್ತ, ದಿನಕ್ಕೆ ಎಂಟು ಗಂಟೆ ಕೂತು, ಕಿಡ್ನಿಯವರೆಗೆ ತಲುಪುವಷ್ಟರಲ್ಲಿ ಪರೀಕ್ಷೆಯ ದಿನ ಬಂದುಬಿಟ್ಟಿತ್ತು.

ಅಷ್ಟರಲ್ಲಿ ಅವಳಪ್ಪ ಮಾದೇಶನ ಫೋನು ಬಂತು. ಅವನು ನನ್ನ ತಂಗಿಯ ಮಗ, ಒಳ್ಳೆಯವನು. ಒಳ್ಳೆಯವರ ಜೊತೆ ಜಗಳ ಆಡುವುದು ಕಷ್ಟ.

"ನೋಡಿ ಮಾವ, ನಾನೇನ್ ಬೈಯಲ್ಲ. ಮಗ ಸೊರಗೋಗೈತೆ. ಇನ್ನೊಂದ್ಸಲ ಬರೀಲಿ. ಆಗಲಿಲ್ಲ ಅಂದ್ರೆ ಕರ್ಕೊಂಡ್ ಬಂದ್ಬುಡ್ತೀನಿ. ಹುಣಸೂರಲ್ಲಿ ನಮ್ ಭಾಮೈದಂದು ಬಟ್ಟೆ ಅಂಗಡಿ ಐತಲ್ಲ, ಸೀರೆ ಮಡಚ್ಕೊಂಡು ನೆಮ್ಮದಿಯಾಗಿರ್ಲಿ."

ಸಿಂಚನ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವಳಿಗೆ ನರ್ಸ್ ಆಗಬೇಕೆಂಬ ಆಸೆ ಯಾಕೆ ಹುಟ್ಟಿತೆಂದರೆ, ಚಿಕ್ಕವಳಿದ್ದಾಗ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಬ್ಬ ನರ್ಸಮ್ಮ ಸೂಜಿ ಚುಚ್ಚುವ ಮೊದಲು "ಈಗ ಸ್ವಲ್ಪ ನೋಯ್ತದೆ ಕಣಮ್ಮ" ಎಂದು ನಿಜ ಹೇಳಿದ್ದಳಂತೆ. ಮಿಕ್ಕವರೆಲ್ಲ ನೋಯುವುದೇ ಇಲ್ಲ ಎಂದು ಸುಳ್ಳು ಹೇಳಿದ್ದರಂತೆ. ಅಷ್ಟೇ ಕಾರಣ. ಅಷ್ಟು ಸಣ್ಣ ಕಾರಣವಿರುವ ಆಸೆಯನ್ನು ಸೀರೆ ಮಡಚಿದ ಹಾಗೆ ಮಡಚಿ ಇಡುವುದಕ್ಕೆ ಬರುವುದಿಲ್ಲ. ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಎರಡನೆಯ ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಅವಳು ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿಗೆ ಹೋಗಿ ವಿಚಾರಿಸಿಕೊಂಡು ಬಂದಳು. ಅವರು ಪುಸ್ತಕ ಓದುವುದು ಸುಲಭವಾಗಲಿ ಎಂದು ಇನ್ನೊಂದು ಕಟ್ಟು ನೋಟ್ಸ್ ಕೊಟ್ಟು ಕಳಿಸಿದ್ದರು. ಟೀಪಾಯಿಯ ಎರಡನೆಯ ಕಾಲೂ ಸಡಿಲವಾಯಿತು. ಆಗ ನಾನು ರಂಗಕ್ಕೆ ಇಳಿದೆ.

ನನ್ನ ಅರ್ಹತೆಯನ್ನು ಇಲ್ಲಿ ಸ್ವಲ್ಪ ಹೇಳಿಕೊಳ್ಳಬೇಕು. ಸಂಕೋಚವೇನೂ ಇಲ್ಲ. ನಾನು ಮೂವತ್ನಾಲ್ಕು ವರ್ಷ ಅಂಚೆ ವಿಂಗಡಿಸಿದವನು. ನನ್ನ ಎದುರಿಗೆ ಗೋಡೆಯಷ್ಟು ದೊಡ್ಡ ಚೌಕಟ್ಟು, ಅದರ ತುಂಬ ಪಾರಿವಾಳದ ಗೂಡಿನಂಥ ಖಾನೆಗಳು. ಕೈಯಲ್ಲಿ ಕಾಗದದ ಕಟ್ಟು. ಕಾಗದ ನೋಡುವುದು, ಖಾನೆಗೆ ಎಸೆಯುವುದು, ಇಷ್ಟೇ. ಲಕ್ಷಾಂತರ ಕಾಗದ ನನ್ನ ಕೈಯಲ್ಲಿ ದಾಟಿವೆ, ಒಂದನ್ನೂ ಓದಲಿಲ್ಲ. ಕಾರ್ಡುಗಳು ಬೆತ್ತಲೆ ಬಿದ್ದಿರುತ್ತಿದ್ದವು, ಓದು ಓದು ಎಂದು ಕರೆಯುತ್ತಿದ್ದವು. ಹೊಸಬರು ಓದುತ್ತಿದ್ದರು, ಕಟ್ಟು ಕರಗುತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವವನು ಆ ಕೆಲಸಕ್ಕೆ ನಾಲಾಯಕ್ಕು. ಇನ್ನೊಂದು ಗುಟ್ಟು: ನಾವು ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆವು. ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಆಮೇಲೆ ಊರು. ಮೇಲಿನ ಸಾಲಿನಲ್ಲಿ ಚಿರಂಜೀವಿ ಸೌಭಾಗ್ಯವತಿ ಎಂದೇನಿದೆಯೋ ಅದು ಅಂಚೆಯಣ್ಣನ ತಲೆನೋವು, ನಮ್ಮದಲ್ಲ.

"ಪುಸ್ತಕಾನೂ ಅಂಗೇ ಕಣವ್ವ," ಎಂದೆ. "ಬಾಲದಿಂದ ಹಿಡಿ. ಪಾಠದ ಕೊನೇಲಿ ಪ್ರಶ್ನೆ ಕೊಟ್ಟವ್ರಲ್ಲ, ಅದನ್ನ ಮೊದ್ಲು ಓದು. ಆಮೇಲೆ ತಲೆಬರಹಗಳು. ಆಮೇಲೆ ಚಿತ್ರ. ಆಮೇಲೆ ಬೇಕಾದ್ರೆ ಒಳಗೆ ಹೋಗು."

"ಅದ್ ಮೋಸ ಅಲ್ವಾ ತಾತ?"

ಈ ಪೀಳಿಗೆಯ ಕಷ್ಟ ನೋಡಿ. ಕೊನೆಯಿಂದ ಓದಿದರೆ ಪುಸ್ತಕಕ್ಕೆ ಬೇಜಾರಾಗುತ್ತದೆ ಎಂದುಕೊಂಡಿದ್ದಳು.

ಇನ್ನೊಂದು ಪ್ರಶ್ನೆ ಕಲಿಸಿಕೊಟ್ಟೆ. ಪ್ರತಿ ಪ್ಯಾರಾ ಮುಗಿದಾಗಲೂ ಕೇಳಿಕೊಳ್ಳಬೇಕು, ಇದು ಯಾರಿಗೆ ಬರೆದ ಕಾಗದ? ಕೆಲವು ಡಾಕ್ಟರಿಗೆ ಬರೆದವು. ಗೌರವದಿಂದ ನೋಡಿ ಮುಂದೆ ಹೋಗು. ಕೆಲವು ನರ್ಸಿಗೆ ಬರೆದವು. ಅವನ್ನು ನಿಂತು ಓದು. ಕೆಲವು ಹಾಸಿಗೆಯ ಮೇಲೆ ಮಲಗಿರುವ ಪಾಪದ ಮನುಷ್ಯನಿಗೆ ಬರೆದವು. ಅವನ್ನು ಕನ್ನಡದಲ್ಲಿ ಜಯಮ್ಮನಿಗೆ ಹೇಳು, ಅವಳಿಗೆ ಅರ್ಥವಾದರೆ ನಿನಗೂ ಆಗಿದೆ ಎಂದು ಲೆಕ್ಕ. ಎಲ್ಲಿಗೂ ಸೇರದೆ ವಿಳಾಸವಿಲ್ಲದೆ ಉಳಿದವನ್ನು ಕಟ್ಟಿಕೊಂಡು ಹೋಗಿ ಕಾಲೇಜಿನ ಮೇಡಂನ ಕೇಳು.

ಖಾನೆಗಳಿಗೆ ಏನು ಮಾಡುವುದೆಂದು ಯೋಚಿಸಿ, ಅಟ್ಟದಿಂದ ದಸರಾ ಗೊಂಬೆಯ ಮೆಟ್ಟಿಲು ಇಳಿಸಿದೆ. ಏಳು ಮೆಟ್ಟಿಲು, ಹಳೆಯ ತೇಗದ್ದು. ಹಜಾರದಲ್ಲಿ ಜೋಡಿಸುತ್ತಿದ್ದಾಗ ಜಯಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

"ದಸರಾ ಇನ್ನೂ ಆರ್ ತಿಂಗ್ಳೈತೆ. ಈಗ್ಲೇ ಯಾಕ್ರೀ ಮೆಟ್ಲು ಇಳಿಸಿದ್ರಿ?"

"ಗೊಂಬೆ ಅಲ್ಲ ಕಣೇ, ಈ ಸಲ ಕಿಡ್ನಿ ಕೂರಿಸ್ತೀವಿ."

ಅವಳು ನನ್ನನ್ನು ಮದುವೆಯಾಗಿ ಐವತ್ತು ವರ್ಷವಾಯಿತು. ಮೆಟ್ಟಿಲಿನ ಧೂಳು ಒರೆಸಿಕೊಟ್ಟು ಹೋದಳು.

ಒಂದೊಂದು ಮೆಟ್ಟಿಲಿಗೆ ಮೈಯ ಒಂದೊಂದು ಭಾಗ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ರಾಜ ರಾಣಿ, ಕೂರುವ ಜಾಗವಿದೆಯಲ್ಲ, ಅಲ್ಲಿ ಯಾರನ್ನು ಕೂರಿಸಬೇಕೆಂದು ಮೂರು ದಿನ ಜಗಳವಾಯಿತು. ನಾನು ಮೆದುಳು ಎಂದೆ, ಸ್ವಂತ ಹಿತಾಸಕ್ತಿಯಿಂದ. ಸಿಂಚನ ಹೃದಯ ಎಂದಳು, ವಯಸ್ಸಿನ ದೋಷ. ಜಯಮ್ಮ ಅಡುಗೆಮನೆಯಿಂದಲೇ, "ಹೊಟ್ಟೆ ಇಡಿ. ಐವತ್ ವರ್ಷದಿಂದ ನಾನು ಅದಕ್ಕೇ ದುಡೀತಿರೋದು," ಎಂದಳು. ಕೊನೆಗೆ ಸಿಂಚನಳೇ ತೀರ್ಪು ಕೊಟ್ಟಳು. ಪಟ್ಟದ ಗೊಂಬೆ ಜೋಡಿ. ಮೈಯೊಳಗೆ ಅಕ್ಕಪಕ್ಕ ಜೋಡಿಯಾಗಿ ಕೂತಿರುವುದು ಕಿಡ್ನಿ. ತನ್ನನ್ನು ಫೇಲು ಮಾಡಿದ್ದೂ ಅದೇ. ಹಾಗಾಗಿ ಕಿಡ್ನಿಗೇ ಪಟ್ಟ. ಓದು ಅಲ್ಲಿಂದಲೇ ಶುರುವಾಯಿತು. ಹಿಂದಿನ ಸಲ ಪುಸ್ತಕದ ಕೊನೆಯಲ್ಲಿ ಉಳಿದುಹೋದದ್ದು ಈ ಸಲ ಮೊದಲ ವಾರದಲ್ಲೇ ಮುಗಿಯಿತು. ಆ ಶನಿವಾರ ಅವಳು ಮೊದಲ ಸಲ ನನ್ನ ಜೋಕಿಗೆ ನಕ್ಕಳು. ಒಳ್ಳೆಯ ಜೋಕೇನೂ ಆಗಿರಲಿಲ್ಲ.

ಓದಿದ್ದನ್ನೆಲ್ಲ ಅವಳು ಚೀಟಿಗಳಲ್ಲಿ ಬರೆಯುತ್ತಿದ್ದಳು, ಒಂದು ಚೀಟಿಗೆ ಒಂದೇ ಸಂಗತಿ, ಕನ್ನಡದಲ್ಲಿ. ಕನ್ನಡದಲ್ಲಿ ತಲೆಗೆ ಹೋದದ್ದು ಇಂಗ್ಲಿಷಿನಲ್ಲಿ ಕೈಗೆ ಬರುತ್ತದೆ ಎಂದು ಅವಳೇ ಕಂಡುಕೊಂಡಳು. ಬೆಳಗ್ಗೆ ಹೋಗುವ ಮೊದಲು ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ ಚೀಟಿಗಳನ್ನು ಕಲಸಿ ಮತ್ತೆ ಮೆಟ್ಟಿಲುಗಳ ಮೇಲೆ ವಿಂಗಡಿಸಬೇಕು. ಎರಡು ವಾರದಲ್ಲಿ ಕೈ ಎಷ್ಟು ಚುರುಕಾಯಿತೆಂದರೆ, ಓದದೆಯೇ ವಿಂಗಡಿಸತೊಡಗಿದಳು. ಇದು ಹೊಸ ಅಪಾಯ. ವಿಂಗಡಣೆಯಲ್ಲಿ ನನ್ನ ಕೆಳಗೆ ಬಂದ ಹೊಸಬರಿಗೂ ಹೀಗೇ ಆಗುತ್ತಿತ್ತು, ಕೈ ಓಡುತ್ತಿತ್ತು, ತಲೆ ಮಲಗಿರುತ್ತಿತ್ತು. ಅವರಿಗಾಗಿ ನಾನು ಲೋಕದಲ್ಲೇ ಇಲ್ಲದ ಊರುಗಳ ಹೆಸರು ಬರೆದ ಲಕೋಟೆಗಳನ್ನು ಕಟ್ಟಿನ ಮಧ್ಯೆ ಸೇರಿಸುತ್ತಿದ್ದೆ. ಒಬ್ಬನಂತೂ ನಾನು ಹುಟ್ಟಿಸಿದ ಒಂದು ಕೊಪ್ಪಲಿಗಾಗಿ ಎರಡು ದಿನ ಪಟ್ಟಿ ಹುಡುಕಿದ. ಆಮೇಲೆ ಜನ್ಮದಲ್ಲಿ ವಿಳಾಸ ಓದದೆ ಕಾಗದ ಎಸೆಯಲಿಲ್ಲ.

ಅದೇ ಮದ್ದನ್ನು ಇಲ್ಲೂ ಹಾಕಿದೆ. ಹಳೆಯ ಮದುವೆ ಕರೆಯೋಲೆಗಳ ಖಾಲಿ ಬೆನ್ನು ಕತ್ತರಿಸಿ ಅವಳೂ ಚೀಟಿ ಮಾಡಿಕೊಳ್ಳುತ್ತಿದ್ದಳು; ನಾನೂ ನಲವತ್ತು ಚೀಟಿ ಕತ್ತರಿಸಿಕೊಂಡೆ. ಒಂದೊಂದರಲ್ಲೂ ಒಂದೊಂದು ಸುಳ್ಳು, ಅವಳದೇ ದುಂಡು ಅಕ್ಷರದಲ್ಲಿ. ಜಿಲ್ಲೆಯ ಜನರ ಕೈಬರಹವನ್ನೆಲ್ಲ ಕಂಡವನಿಗೆ ಒಬ್ಬ ಹುಡುಗಿಯ ಅಕ್ಷರ ಎಷ್ಟರದು? ಅವಳಿಗೆ ಇಷ್ಟು ಮಾತ್ರ ಹೇಳಿದೆ: "ನಿನ್ ಚೀಟೀಲಿ ನನ್ನವೂ ಸೇರವೆ. ನನ್ನವೆಲ್ಲ ಸುಳ್ಳು. ಹುಡುಕಿ ಈ ಬಿಸ್ಕತ್ ಡಬ್ಬಿಗೆ ಹಾಕು. ಎಷ್ಟವೆ ಅಂತ ಕೇಳ್ಬೇಡ."

"ಸಿಕ್ರೆ ಏನ್ ಕೊಡ್ತೀರಿ?"

ಉತ್ತರ ಕೊಟ್ಟವಳು ಜಯಮ್ಮ. "ಒಂದ್ ಸುಳ್ಳು ಸಿಕ್ರೆ ಒಂದ್ ಗಡ್ಡೆ ಬೆಳ್ಳುಳ್ಳಿ ಸುಲಿದುಕೊಡ್ಲಿ. ಐವತ್ ವರ್ಷದಿಂದ ಒಂದ್ ಎಸಳೂ ಸುಲ್ದಿಲ್ಲ."

ಮೊದಲಿಗೆ ಹಗುರಾದ ಸುಳ್ಳುಗಳನ್ನು ಬರೆದೆ. ಹೆಂಗಸರ ಹೃದಯದಲ್ಲಿ ಐದು ಕೋಣೆ, ಒಂದು ಬಾಡಿಗೆಗೆ ಎಂದು ಬರೆದೆ. ಮರುಕ್ಷಣ ಡಬ್ಬಿಗೆ ಬಿತ್ತು, ನಾನು ಬೆಳ್ಳುಳ್ಳಿಗೆ ಕೂತೆ. ನನಗೆ ರೋಷ ಬಂತು. ಒಳ್ಳೆಯ ಸುಳ್ಳು ನಿಜದ ಪಕ್ಕದ ಮನೆಯಲ್ಲೇ ಇರಬೇಕು. ಅದಕ್ಕೆ ಮೊದಲು ನಿಜ ಗೊತ್ತಿರಬೇಕಲ್ಲ. ಹಾಗೆ ನಾನು ಆ ಪುಸ್ತಕ ಓದಲು ಶುರು ಮಾಡಿದ್ದು. ಅವಳು ಬಸ್ಸು ಹತ್ತಿದ ಕೂಡಲೇ ಡಿಕ್ಷನರಿ, ಭೂತಕನ್ನಡಿ ಇಟ್ಟುಕೊಂಡು ಕೂರುತ್ತಿದ್ದೆ. ಬಲ ಶ್ವಾಸಕೋಶಕ್ಕೆ ಮೂರು ಭಾಗ, ಎಡಕ್ಕೆ ಎರಡೇ ಎಂದು ಓದಿ, ತಿರುವುಮುರುವು ಬರೆದೆ. ಎರಡು ದಿನ ಅದು ಮೆಟ್ಟಿಲ ಮೇಲೆ ಸುಖವಾಗಿತ್ತು. ಮೂರನೆಯ ದಿನ ಸಂಜೆ ಹಿಡಿದಳು.

"ಎಡಗಡೆ ಹೃದಯ ಐತೆ ತಾತ. ಅದಕ್ ಜಾಗ ಬೇಡ್ವಾ? ಅದಕ್ಕೇ ಆ ಕಡೆ ಎರಡೇ."

ಇದನ್ನು ಅವಳು ಬಾಯಿಪಾಠ ಮಾಡಿ ಹೇಳಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ, ಕೈಯನ್ನು ತನ್ನ ಎದೆಯ ಎಡಕ್ಕೆ ಇಟ್ಟು, ಒಳಗಿನ ಮನೆಯಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ನೋಡಿ ಹೇಳಿದಳು. ಹಳದಿ ಪೆನ್ನು ಅದಾಗಲೇ ಕಪಾಟು ಸೇರಿತ್ತು. ನಾನು ಬೆಳ್ಳುಳ್ಳಿಯ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡೆ. ಸೋತು ಖುಷಿಪಟ್ಟದ್ದು ನನ್ನ ಆಯಸ್ಸಿನಲ್ಲಿ ಅದೇ ಮೊದಲು.

ದೊಡ್ಡವರಿಗಿಂತ ಹುಟ್ಟಿದ ಮಗುವಿಗೆ ಮೂಳೆ ಕಡಿಮೆ ಎಂದು ಬರೆದೆ, ಹಿಡಿದಳು. ಜಾಸ್ತಿಯಂತೆ, ಬೆಳೆಯುತ್ತ ಒಂದಕ್ಕೊಂದು ಕೂಡಿಕೊಳ್ಳುತ್ತವಂತೆ. ಅನ್ನ ಹೋಗುವ ಕೊಳವೆ ಮುಂದೆ, ಗಾಳಿಯದು ಹಿಂದೆ ಎಂದು ಬರೆದೆ, ಹಿಡಿದಳು. ನನ್ನ ಬೆರಳಿನ ವಾಸನೆ ನೋಡಿ ಅವಳ ಓದು ಎಲ್ಲಿಗೆ ಬಂದಿದೆ ಎಂದು ಹೇಳಬಹುದಿತ್ತು. ಪಾರ್ಕಿನ ಗೆಳೆಯರು ಬೆಂಚಿನ ಆ ತುದಿಗೆ ಸರಿದರು. ನಾನು ಆಗಲೇ ಹೇಳಿದ ಜ್ಞಾನದ ಭಯದಲ್ಲಿ ಇದರ ಪಾಲೂ ಸ್ವಲ್ಪ ಇರಬಹುದು.

ಪರೀಕ್ಷೆಯ ದಿನ ಬಂತು. ಎಂಟೂವರೆಗೆ ಜಯಮ್ಮ ಅವಳಿಗೆ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದಳು. ನಾನು ಅವಳಿಗೆ, "ಕೆಳಗಿಂದ ಮೇಲಕ್ಕೆ ಓದು" ಎಂದಷ್ಟೇ ಹೇಳಿ, ಸೇನಾಪತಿಯ ಹಾಗೆ ಈಜಿಚೇರಿನಲ್ಲಿ ಕೂತೆ. ಹತ್ತು ಗಂಟೆಗೆ ಜಯಮ್ಮ ಬೆಳ್ಳುಳ್ಳಿಯ ಬುಟ್ಟಿ ಎತ್ತಿಡುತ್ತ ಕೇಳಿದಳು.

"ಏನ್ರೀ, ಸುಳ್ಳು ನಲವತ್ತು ಅಂದಿದ್ರಲ್ವಾ?"

"ನಲವತ್ತೇ."

"ನೀವ್ ಸುಲ್ದಿರೋದು ಮೂವತ್ತೊಂಬತ್ತು ಗಡ್ಡೆ."

ನಕ್ಕೆ. ಹೆಂಗಸರ ಲೆಕ್ಕ ಎಂದೆ. ನಗುತ್ತಲೇ ಡಬ್ಬಿಯ ಚೀಟಿ ಎಣಿಸಿದೆ. ಮೂವತ್ತೊಂಬತ್ತು. ಇನ್ನೊಮ್ಮೆ ಎಣಿಸಿದೆ. ಮೆಟ್ಟಿಲುಗಳ ಮೇಲೆಲ್ಲ ತಡಕಾಡಿದೆ, ಒಂದೊಂದು ಚೀಟಿಯನ್ನೂ ಭೂತಕನ್ನಡಿ ಇಟ್ಟು ನೋಡಿದೆ. ಇಲ್ಲ. ನನ್ನ ಒಂದು ಸುಳ್ಳು ಹುಡುಗಿಯ ತಲೆಯೊಳಗೆ ನಿಜದ ಅಂಗಿ ತೊಟ್ಟುಕೊಂಡು ಪರೀಕ್ಷೆಗೆ ಹೋಗಿ ಕೂತಿತ್ತು. ಯಾವುದು? ನೆನಪಿಗೆ ಬರಲಿಲ್ಲ. ಬರೆದ ಸುಳ್ಳುಗಳ ಪಟ್ಟಿ ಇಟ್ಟುಕೊಳ್ಳುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಇಟ್ಟಿದ್ದರೆ ಪುಸ್ತಕವೇ ಆಗುತ್ತಿತ್ತು.

ಆ ಒಂದು ಸುಳ್ಳಿಗೆ ನಾಲ್ಕು ಅಂಕ ಹೋದರೆ ಅವಳು ಅಂಗಡಿಯಲ್ಲಿ ಸೀರೆ ಮಡಚುತ್ತ ಕೂರಬೇಕು. ಹೋಗದೆ ಪಾಸಾದಳು ಎಂದುಕೊಳ್ಳಿ, ಅದು ಇನ್ನೂ ಕೆಟ್ಟದ್ದು. ಮುಂದೆ ಯಾವುದೋ ವಾರ್ಡಿನಲ್ಲಿ ಯಾರದೋ ಹಾಸಿಗೆಯ ಪಕ್ಕ ನಿಂತಾಗ ನನ್ನ ಕುಚೋದ್ಯ ಅವಳ ಕೈ ಹಿಡಿದು ತಪ್ಪು ಕಡೆಗೆ ಎಳೆದರೆ? ಎಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನನ್ನ ತಮಾಷೆಯೊಂದು ನನಗೆ ತಮಾಷೆಯಾಗಿ ಕಾಣಲಿಲ್ಲ.

"ನಿಮ್ ಆಟ ಆಡೋಕೆ ಬೇರೆ ಯಾರೂ ಸಿಗ್ಲಿಲ್ವಾ ನಿಮ್ಗೆ?" ಎಂದಳು ಜಯಮ್ಮ. ಜೋರಾಗಿ ಅನ್ನಲಿಲ್ಲ. ಅದೇ ಚುಚ್ಚಿತು.

ಡಬ್ಬಿ ಎತ್ತಿಕೊಂಡು ಸಿಟಿ ಬಸ್ಸು ಹತ್ತಿದೆ. ಪರೀಕ್ಷೆ ನಡೆಯುತ್ತಿದ್ದ ಕಡೆ ಗೇಟು ಹಾಕಿತ್ತು. ವಾಚ್‌ಮನ್ ಬಂದ.

"ಯಾರ್ ಬೇಕಿತ್ತು ಯಜಮಾನ್ರೇ?"

"ಮೊಮ್ಮಗಳು ಒಳಗೈತೆ. ಗೊತ್ತಿಲ್ದೆ ಒಂದ್ ಸುಳ್ಳು ಕೊಟ್ ಕಳ್ಸಿದ್ದೀನಿ, ವಾಪಸ್ ಇಸ್ಕೋಬೇಕು."

ಅವನು ನನ್ನ ಮುಖ ನೋಡಿದ, ಡಬ್ಬಿ ನೋಡಿದ. "ಬಿಸ್ಲಲ್ಲಿ ನಿಂತ್ಕೋಬೇಡಿ ಬನ್ನಿ," ಎಂದು ನೆರಳಿನಲ್ಲಿ ತನ್ನ ಕುರ್ಚಿ ಹಾಕಿಕೊಟ್ಟ. ನೀರೂ ಕೊಟ್ಟ. ಆಗಾಗ ದೂರದಿಂದ ನನ್ನನ್ನು ಗಮನಿಸುತ್ತಿದ್ದ.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಸಿಂಚನ ಹೊರಗೆ ಬಂದಳು. ನನ್ನನ್ನು ಕಂಡು ಓಡಿದಳು.

"ಏನ್ ತಾತ, ನೀವ್ಯಾಕ್ ಬಂದ್ರಿ? ಅಜ್ಜಿ ಉಷಾರಾಗವ್ರಾ?"

"ಅಜ್ಜಿಗೇನಾಗೈತೆ, ಅವಳಿಂದ್ಲೇ ಇಷ್ಟಾಗಿದ್ದು. ಮಗ, ನನ್ ಸುಳ್ಳು ಒಂದು ಡಬ್ಬಿಗೆ ಬಂದಿಲ್ಲ. ಒಟ್ಟು ನಲವತ್ತಿದ್ವು. ಯಾವ್ದು ಅಂತ ನನಗೇ ಗೊತ್ತಾಗ್ತಿಲ್ಲ."

ಅವಳು ಬ್ಯಾಗಿನಿಂದ ಫೋನು ತೆಗೆದು ಅದರ ಹಿಂದಿನ ಕವರು ಬಿಚ್ಚಿದಳು. ಹುಡುಗಿಯರು ಬಸ್ಸಿನ ದುಡ್ಡು ಇಟ್ಟುಕೊಳ್ಳುವ ಜಾಗ ಅದು. ಒಳಗಿನಿಂದ ಮಡಚಿದ ಒಂದು ಚೀಟಿ ತೆಗೆದು ಕೊಟ್ಟಳು. ಮದುವೆ ಕರೆಯೋಲೆಯ ಬೆನ್ನಿನ ಮೇಲೆ ಹೀಗಿತ್ತು: ಮನುಷ್ಯ ಸಂಜೆಗಿಂತ ಬೆಳಗ್ಗೆ ಹೆಚ್ಚು ಎತ್ತರ ಇರುತ್ತಾನೆ.

ನೆನಪಾಯಿತು. ಶೀತವಾಗಿ ಪುಸ್ತಕ ಎತ್ತಲಾಗದ ದಿನ, ಓದದೆ, ಬಾಯಿಗೆ ಬಂದದ್ದನ್ನು ಬರೆದಿದ್ದೆ. ಬರೆದು ನಾನೇ ನಕ್ಕಿದ್ದೆ.

"ಇದೇ ಕಣವ್ವ. ಇದು ಶುದ್ಧ ಸುಳ್ಳು. ಮರ್ತುಬುಡು."

"ಪರೀಕ್ಷೇಲಿ ಬರ್ದ್‌ಬುಟ್ಟೆ ತಾತ."

"ಏನ್ ಬರ್ದೆ?"

"ಬೆನ್ನುಮೂಳೆ ಮಧ್ಯೆ ಡಿಸ್ಕ್ ಇರ್ತವಲ್ಲ, ಅದರ ಬಗ್ಗೆ ಕೇಳಿದ್ರು. ಉದಾಹರಣೆಗೆ ಇದನ್ನೇ ಹಾಕ್ದೆ."

ನಾನು ವಾಚ್‌ಮನ್ನನ ಕುರ್ಚಿಯಲ್ಲಿ ಮತ್ತೆ ಕೂತುಬಿಟ್ಟೆ. ಅವಳು ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿದಳು. ಪೂರ್ತಿ ಒಂದು ನಿಮಿಷ. ಹಾಗೆ ಹಿಡಿಯುವವರ ಕೈಯಲ್ಲಿ ಒಂದು ಧೈರ್ಯ ಇರುತ್ತದೆ. ಅದು ಹಿಂದಿನ ವರ್ಷ ಈ ಹುಡುಗಿಯ ಕೈಯಲ್ಲಿ ಇರಲಿಲ್ಲ.

"ತೊಂಬತ್ತಾರು. ಸ್ವಲ್ಪ ಜಾಸ್ತಿ," ಎಂದಳು. "ಗಾಬರಿ ಆಗ್ಬೇಡಿ ತಾತ. ಅದು ನಿಜ."

"ಏನ್ ನಿಜ?"

"ನೀವ್ ಬರ್ದಿರೋದು. ಆ ಡಿಸ್ಕುಗಳು ನೀರು ಹೀರ್ಕೊಂಡು ಉಬ್ಬಿರ್ತವೆ. ದಿನವೆಲ್ಲ ನಿಂತು ಕೂತು ಓಡಾಡಿದ್ರೆ ಮೈ ಭಾರಕ್ಕೆ ಅದುಮಿ ತೆಳ್ಳಗಾಯ್ತವೆ. ಮಲಗಿದ್ರೆ ತಿರ್ಗಾ ಉಬ್ತವೆ. ಅದಕ್ಕೇ ಬೆಳಗ್ಗೆ ಉದ್ದ. ನಾನೂ ಸುಳ್ಳು ಅಂತ ಡಬ್ಬಿಗೆ ಹಾಕೋಕೋದೆ. ಯಾಕೋ ಅನುಮಾನ ಬಂತು, ಹುಡುಕ್ದೆ. ಮೇಡಂನೂ ಕೇಳ್ದೆ. ಹೌದು ಅಂದ್ರು."

"ಮತ್ಯಾಕ್ ನಂಗೆ ಹೇಳ್ಲಿಲ್ಲ?"

"ಮೂವತ್ತೊಂಬತ್ ಸಲ ನೀವ್ ನನ್ನ ಆಟ ಆಡಿಸ್ಲಿಲ್ವಾ? ಒಂದ್ಸಲ ನಿಮ್ಮನ್ನೂ ಆಡಿಸೋಣ ಅಂತ ಎತ್ತಿಟ್ಕೊಂಡಿದ್ದೆ. ಇವತ್ತು ಮನೆಗ್ ಬಂದು ಹೇಳ್ಬೇಕು ಅಂತಿದ್ದೆ. ನೀವೇ ಡಬ್ಬಿ ಹಿಡ್ಕೊಂಡು ಬಂದ್ಬುಟ್ರಿ."

ಅಷ್ಟು ಹೇಳಿ ಅವಳು ನಕ್ಕಳು ನೋಡಿ. ವಾಚ್‌ಮನ್ನೂ ನಕ್ಕ, ಅವನಿಗೇನು ಅರ್ಥವಾಯಿತೋ. ಮೂವತ್ನಾಲ್ಕು ವರ್ಷ ಹೊಸ ಹುಡುಗರನ್ನು ಇಲ್ಲದ ಊರುಗಳಿಗೆ ಕಳಿಸಿದವನು ನಾನು. ನನ್ನನ್ನು ಯಾರೂ ಎಂದೂ ಕಳಿಸಿರಲಿಲ್ಲ. ಈ ಹುಡುಗಿ ಒಂದು ಚೀಟಿಯನ್ನು ಸುಮ್ಮನೆ ಮಡಚಿ ಇಟ್ಟುಕೊಂಡು, ನನ್ನನ್ನು ಗೇಟಿನ ಹತ್ತಿರ ಡಬ್ಬಿ ಹಿಡಿದು ಎರಡು ಗಂಟೆ ಕೂರಿಸಿದಳು.

ನಾನು ಅಷ್ಟಕ್ಕೇ ಒಪ್ಪುವವನಲ್ಲ. ಮನೆಗೆ ಬಂದವನೇ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತೆ. ಜಯಮ್ಮ ತಲೆಯ ಮೇಲೆ ಊಟದ ತಟ್ಟೆ ಇಟ್ಟು ಒತ್ತಿದಳು, ಸಿಂಚನ ಪೆನ್ಸಿಲಿನಲ್ಲಿ ಗೆರೆ ಎಳೆದಳು. ನಾನು ಹಿಮ್ಮಡಿ ಎತ್ತಲು ನೋಡಿದೆ, ಜಯಮ್ಮ ಇನ್ನೂ ಒತ್ತಿದಳು. ಮರುದಿನ ಬೆಳಗ್ಗೆ ಹಾಸಿಗೆಯಿಂದ ನೇರವಾಗಿ ಎದ್ದು ಬಂದು ಅದೇ ಜಾಗದಲ್ಲಿ ನಿಂತೆ. ಹೊಸ ಗೆರೆ ಹಳೆಯದಕ್ಕಿಂತ ಕಿರುಬೆರಳಿನ ಉಗುರಿನಷ್ಟು ಮೇಲೆ ಬಂತು. ಮೊದಲಿನ ಹಗುರಾದವನ್ನು ಬಿಟ್ಟರೆ ಮಿಕ್ಕ ಸುಳ್ಳುಗಳನ್ನೆಲ್ಲ ನಾನು ಪುಸ್ತಕ ಓದಿ, ಬೆವರು ಸುರಿಸಿ ತಯಾರು ಮಾಡಿದ್ದೆ. ಆಮೇಲೆ ಓದದೆ ಬರೆದದ್ದು ಒಂದೇ, ಅದೇ ನಿಜವಾಗಿಬಿಟ್ಟಿತು. ಈ ಮೈ ಇದೆಯಲ್ಲ, ಅದು ನನಗಿಂತ ಹಳೆಯ ಕುಚೋದ್ಯಗಾರ. ಎಷ್ಟು ದೊಡ್ಡ ಸುಳ್ಳು ಕಟ್ಟಿಕೊಂಡು ಹೋದರೂ, ಅದನ್ನು ನಾನು ಒಳಗೆ ಮೊದಲೇ ಮಾಡಿಟ್ಟಿದ್ದೇನೆ ನೋಡು ಎನ್ನುತ್ತದೆ.

ಫಲಿತಾಂಶ ಬಂದಾಗ ನಾನು ಪಾರ್ಕಿನಲ್ಲಿದ್ದೆ. ಸಿಂಚನ ಓಡುತ್ತ ಬಂದದ್ದು ನೋಡಿಯೇ ಗೊತ್ತಾಯಿತು. ಫೇಲಾದವರು ಹಾಗೆ ಚಪ್ಪಲಿ ಮರೆತು ಬರುವುದಿಲ್ಲ. ಬರಿಯ ಪಾಸಲ್ಲ, ಕ್ಲಾಸಿನಲ್ಲಿ ಮೊದಲ ಸಲ ಬರೆದ ಎಷ್ಟೋ ಜನರಿಗಿಂತ ಜಾಸ್ತಿ ಅಂಕ. ಸಂಜೆ ಮಾದೇಶ ಫೋನು ಮಾಡಿದ. "ಸೀರೆ ಮಡಚೋಕೆ ಬೇರೆಯವ್ರನ್ನ ನೋಡ್ಕೊ ಅಂತ ಭಾಮೈದಂಗೆ ಹೇಳ್ಬುಟ್ಟೆ ಮಾವ," ಎಂದ.

"ನಂಗೂ ಒಂದ್ ಸೀರೆ ಮಡಚಿಸಿ ಕಳ್ಸೋಕ್ ಹೇಳು," ಎಂದಳು ಪಕ್ಕದಲ್ಲಿದ್ದ ಜಯಮ್ಮ. ಕಳಿಸಿದ. ಉಟ್ಟುಕೊಂಡಿದ್ದಾಳೆ.

ಈಗ ಎರಡನೆಯ ವರ್ಷ. ಪುಸ್ತಕಗಳು ಇನ್ನೂ ದಪ್ಪ. ಟೀಪಾಯಿಯನ್ನು ಹೊರಗೆ ಹಾಕಿ ಕಲ್ಲುಬೆಂಚು ಹಾಕಿಸಿದ್ದೇನೆ. ಸಿಂಚನಳ ಕಾಲೇಜಿನ ಮೊದಲ ವರ್ಷದ ಮೂವರು ಹುಡುಗಿಯರು ವಾರಕ್ಕೆರಡು ಸಲ ಮೆಟ್ಟಿಲ ಓದಿಗೆ ಬರುತ್ತಾರೆ, ನನ್ನನ್ನು ಸರ್ ಎನ್ನುತ್ತಾರೆ, ನಾನು ಬೇಡ ಎನ್ನುವುದಿಲ್ಲ. ಕಳೆದ ದಸರೆಯಲ್ಲಿ ಮೆಟ್ಟಿಲು ಖಾಲಿ ಮಾಡಲು ಹುಡುಗಿಯರು ಒಪ್ಪಲಿಲ್ಲ. ಪಟ್ಟದ ರಾಜ ರಾಣಿಯರು ಕಿಡ್ನಿಯ ಚೀಟಿಗಳ ಜೊತೆಗೇ ಕೂತು ಹತ್ತು ದಿನ ಆರತಿ ಮಾಡಿಸಿಕೊಂಡರು. ಕುಂಕುಮಕ್ಕೆ ಬಂದ ಹೆಂಗಸರಿಗೆ ಸಿಂಚನ ನೀರು ಎಷ್ಟು ಕುಡಿಯಬೇಕೆಂದು ಹೇಳಿ ಕಳಿಸಿದಳು.

ಬೆಟ್ಟದಷ್ಟು ಓದುವುದಿದೆ ಎಂದು ಬಂದು ಮುಖ ಬಾಡಿಸಿಕೊಳ್ಳುವ ಹುಡುಗಿಯರನ್ನು ಈಗ ಸಿಂಚನಳೇ ಕರೆದುಕೊಂಡು ಹೋಗಿ ಆ ಬಾಗಿಲ ಚೌಕಟ್ಟು ತೋರಿಸುತ್ತಾಳೆ. ಎರಡು ಗೆರೆ ತೋರಿಸಿ, "ಸಂಜೆ ಹೊತ್ಗೆ ನಾವೆಲ್ಲ ಇಷ್ಟು ಕುಗ್ಗಿರ್ತೀವಿ ಕಣ್ರೇ. ಪುಸ್ತಕ ಮುಚ್ಚಿ, ಹೋಗಿ ಮಲಗಿ. ಬೆಳಗ್ಗೆ ಸರಿಹೋಗ್ತೀರ," ಎನ್ನುತ್ತಾಳೆ. ಯಾರ ಸುಳ್ಳಿನಿಂದ ಆ ಮಾತು ಹುಟ್ಟಿತೆಂದು ಮಾತ್ರ ಹೇಳುವುದಿಲ್ಲ. ಪರವಾಗಿಲ್ಲ, ನಾನೇ ಹೇಳಿಕೊಳ್ಳುತ್ತೇನೆ.

ಅಂದಹಾಗೆ, ನಲವತ್ತನೆಯ ಗಡ್ಡೆಯನ್ನು ನಾನು ಸುಲಿಯಲಿಲ್ಲ. ಅದು ಸುಳ್ಳೇ ಅಲ್ಲವಲ್ಲ, ನಿಯಮ ಎಂದರೆ ನಿಯಮ. ಜಯಮ್ಮ ಇನ್ನೂ ಒಪ್ಪಿಲ್ಲ, ಆ ಗಡ್ಡೆಯನ್ನು ನನ್ನ ಕಣ್ಣಿಗೆ ಕಾಣುವ ಹಾಗೆ ಕಿಟಕಿಯಲ್ಲಿ ಇಟ್ಟಿದ್ದಾಳೆ. ಅದು ಈಗ ಚಿಗುರಿದೆ. ನೀವು ನನ್ನನ್ನು ನೋಡಲು, ಹೊಗಳಲು, ಸಲಹೆ ಕೇಳಲು ಬರುವುದಿದ್ದರೆ ದಯವಿಟ್ಟು ಬೆಳಗ್ಗೆಯೇ ಬನ್ನಿ. ಆಗ ನಾನು ಪೂರ್ತಿ ಎತ್ತರ ಇರುತ್ತೇನೆ.